ಹಾರ್ಟಿಗೆ ಮಾತು ಹುಡುಕುವ ತುಟಿಮೇಷ್ಟ್ರು

ತುಟಿಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಇಂಗ್ಲಿಷ್ ಧಾರಾವಾಹಿಗಳಿಗೆ ನಮ್ಮ ಮಾತಿನಲ್ಲಿ ಸಂಭಾಷಣೆ ಬರೆಯುವುದು ಅವರ ಕಸುಬು. ತೆರೆಯ ಮೇಲೆ ಯಾರೋ ಹೆಂಗಸು ಗೋಳೋ ಎಂದು ಅಳುತ್ತಿರುತ್ತಾಳೆ. ಅವಳ ಬಾಯಿ ತೆರೆದಿರುವಷ್ಟು ಹೊತ್ತು ನಮ್ಮ ಮಾತು ನಡೆಯಬೇಕು, ಮುಚ್ಚಿದ ಕೂಡಲೇ ನಿಲ್ಲಬೇಕು. ಅವಳ ತುಟಿ ಎಲ್ಲಿ ಕೂಡುತ್ತದೋ ಅಲ್ಲಿ ಪ, ಬ, ಮ ಇವುಗಳಲ್ಲಿ ಯಾವುದಾದರೂ ಒಂದು ಬಂದು ಬೀಳಬೇಕು. ಹಾಗಾಗದಿದ್ದರೆ ಬಾಯಿ ಒಂದು ದಾರಿ, ಮಾತು ಇನ್ನೊಂದು ದಾರಿ ಹಿಡಿದು, ಅಳುವ ದೃಶ್ಯಕ್ಕೆ ಜನ ನಗುತ್ತಾರೆ. ಮೂವತ್ತು ವರ್ಷ ಪರರ ತುಟಿಯನ್ನೇ ನೋಡಿ ಬದುಕಿದ ಈ ಮನುಷ್ಯನಿಗೆ ಸ್ಟುಡಿಯೋದವರು ಆ ಹೆಸರಿಟ್ಟಿದ್ದರು. ಹಾಗಂತ ಕರೆದರೆ ಅವರಿಗೆ ಬೇಸರವಿರಲಿಲ್ಲ, ಒಳಗೊಳಗೇ ಸ್ವಲ್ಪ ಹೆಮ್ಮೆಯೇ ಇತ್ತು.

ಅವರಿಗೆ ಬೇಸರವಿದ್ದದ್ದು ಹಾರ್ಟಿನ ಮೇಲೆ. ಇಂಗ್ಲಿಷಿನವರು ಸಿಕ್ಕಿದ್ದನ್ನೆಲ್ಲ ಹಾರ್ಟಿನೊಳಗೇ ತುಂಬುತ್ತಾರೆ ಎಂಬುದು ಮೇಷ್ಟ್ರ ಕಾಯಂ ತಕರಾರು. ಹೆದರಿದರೆ ಅವರ ಹಾರ್ಟು ಬಾಯಿಗೆ ಬರುತ್ತದೆ, ನಿರಾಸೆಯಾದರೆ ಮುಳುಗುತ್ತದೆ, ಮರುಕ ಹುಟ್ಟಿದರೆ ಎದ್ದು ಇನ್ನೊಬ್ಬರ ಕಡೆಗೆ ಹೊರಟೇಬಿಡುತ್ತದೆ. ಒಳಗಿನದೆಲ್ಲ ಹೊರಗೆ ಕಾಣಿಸುವಂಥ ಮನುಷ್ಯನಾದರೆ ಅದನ್ನು ಅಂಗಿಯ ತೋಳಿನ ಮೇಲೆ ಧರಿಸಿಕೊಂಡು ಓಡಾಡುತ್ತಾನಂತೆ. ಒಂದೇ ಅಂಗಕ್ಕೆ ಇಷ್ಟೊಂದು ಕೆಲಸ ಕೊಟ್ಟರೆ ಅದು ನಿಲ್ಲದೆ ಇನ್ನೇನಾಗುತ್ತದೆ!

ಈ ತಕರಾರಿಗೆಲ್ಲ ಅವರ ಮನೆಯಲ್ಲೇ ಪರಿಹಾರವಿತ್ತು. ಅವರ ಹೆಂಡತಿಯನ್ನು ಬೀದಿಯವರು ಕರೆಯುತ್ತಿದ್ದದ್ದು ಕೂಸಮ್ಮ ಎಂದು. ಕೆಲಸಕ್ಕೆ ಹೋಗುವ ತಾಯಂದಿರು ಬೆಳಗ್ಗೆ ಮಕ್ಕಳನ್ನು ತಂದು ಅವರ ಮುಂದಿನ ಕೋಣೆಯಲ್ಲಿ ಬಿಟ್ಟು ಸಂಜೆ ಕರೆದುಕೊಂಡು ಹೋಗುತ್ತಿದ್ದರು. ಐದಾರು ಚಾಪೆ, ಗೋಡೆಯ ಮೊಳೆಗೆ ನೇತುಹಾಕಿದ ಲೋಟಗಳು, ಒಂದೊಂದು ಲೋಟದ ಕಿವಿಗೂ ಬೇರೆ ಬೇರೆ ಬಣ್ಣದ ದಾರ. ಹಿಂದಿನ ಕೋಣೆಯಲ್ಲಿ ಮೇಷ್ಟ್ರು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತಿರುತ್ತಿದ್ದರು. ತೊಡಕು ಬಂದಾಗ ಅದನ್ನು ಕಳಚಿ ಅಲ್ಲಿಂದಲೇ ಕೂಗುತ್ತಿದ್ದರು.

"ಏನೇ, ಒಬ್ಬ ಇನ್ನೊಬ್ಬನಿಗೆ ನಿನ್ನ ಹಾರ್ಟನ್ನೇ ತಿಂದ್ಕೋ ಅಂತಾನೆ. ಇವನಿಗೆ ಹೊಸ ಕಾರು ಬಂದಿದೆ, ಅವನಿಗೆ ಇಲ್ಲ."

"ಹೊಟ್ಟೆ ಉರ್ಕೊಂಡು ಸಾಯಿ ಅನ್ನಿ," ಎಂದು ಕೂಸಮ್ಮ ಒಂದು ಮಗುವಿನ ಮೂಗು ಒರೆಸುತ್ತ ಹೇಳುತ್ತಿದ್ದರು.

"ಹಾರ್ಟು ಬಾಯಿಗೆ ಬಂತು ಅಂದ್ರೆ?"

"ಜೀವ ಬಾಯಿಗೆ ಬಂತು. ಅದನ್ನೂ ಕೇಳ್ಬೇಕಾ?"

"ಅನಾಥ ಮಗೂನ ನೋಡಿ ನನ್ನ ಹಾರ್ಟು ಅವನ ಕಡೆಗೆ ಹೊರಟಿತು ಅಂತಾಳೆ ಒಬ್ಬಳು."

"ಕರುಳು ಚುರ್ ಅಂತು. ರೀ, ಅದೆಲ್ಲ ಎದೇಲಿ ಆಗೋದಲ್ಲ, ಹೊಟ್ಟೇಲಿ ಆಗೋದು. ಅವರಿಗೆ ಹೊಟ್ಟೆನೇ ಇಲ್ವಾ?"

ಹೀಗೆ ಹಾರ್ಟು ಆ ಮನೆಗೆ ಬಂದು ಮೈತುಂಬ ಹಂಚಿಹೋಗುತ್ತಿತ್ತು. ಅಸೂಯೆ ಹೊಟ್ಟೆಗೆ, ಮರುಕ ಕರುಳಿಗೆ, ಹೆದರಿಕೆ ಜೀವಕ್ಕೆ, ಆಸೆ ಮನಸ್ಸಿಗೆ. ಪಾಠವನ್ನು ಹಾರ್ಟಿನಿಂದ ಕಲಿಯುವುದೆಂದರೆ ಬಾಯಿಪಾಠ ಎಂದಾದ ದಿನ ಇಬ್ಬರೂ ಬಿದ್ದುಬಿದ್ದು ನಕ್ಕಿದ್ದರು. ಅವರು ಎದೆಯಲ್ಲಿ ಇಟ್ಟುಕೊಳ್ಳುವುದನ್ನು ನಾವು ಬಾಯಲ್ಲಿ ಇಟ್ಟುಕೊಳ್ಳುತ್ತೇವೆ, ಅದಕ್ಕೇ ಪರೀಕ್ಷೆ ಮುಗಿದ ಮೇಲೆ ಉಗುಳಿಬಿಡುತ್ತೇವೆ ಎಂದು ಕೂಸಮ್ಮ ತೀರ್ಪು ಕೊಟ್ಟಿದ್ದರು. ಅವರದು ಭಾರಿ ಗಂಟಲು. ಅಡುಗೆಮನೆಯಲ್ಲಿ ಪಿಸುಗುಟ್ಟಿದರೂ ಬೀದಿಯ ತುದಿಯವನಿಗೆ ಗುಟ್ಟು ತಿಳಿಯುತ್ತಿತ್ತು.

ಆ ಗಂಟಲಿಗೇ ರೋಗ ಬಂತು. ಮೊದಲು ದನಿ ಒಡೆಯಿತು, ನೆಗಡಿಯೆಂದುಕೊಂಡರು. ಕೊನೆಗೆ ಆಸ್ಪತ್ರೆಯವರು ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿ, ಉಸಿರಾಡಲು ಕತ್ತಿನಲ್ಲಿ ಒಂದು ತೂತು ಬಿಟ್ಟು, ಬೀಸೋ ದೊಣ್ಣೆ ತಪ್ಪಿತು ಎಂದು ಸಮಾಧಾನ ಹೇಳಿ ಮನೆಗೆ ಕಳಿಸಿದರು. ತೂತಿನ ಮೇಲೆ ತೆಳ್ಳನೆಯ ಬಟ್ಟೆ ಕಟ್ಟಿಕೊಂಡು ಕೂಸಮ್ಮ ಮನೆಗೆ ಬಂದರು. ಜೀವ ಉಳಿಯಿತು, ದನಿ ಹೋಯಿತು. ಗಂಟಲಿಗೆ ಒತ್ತಿ ಹಿಡಿದು ಮಾತಾಡುವ ಯಂತ್ರವೊಂದನ್ನು ಕೊಟ್ಟಿದ್ದರು. ಕೂಸಮ್ಮ ಒಂದೇ ಸಲ ಅದನ್ನು ಒತ್ತಿ ನೋಡಿ, ಮಿಕ್ಸಿ ಮಾತಾಡಿದ ಹಾಗಿದೆ ಎಂದು ಸ್ಲೇಟಿನ ಮೇಲೆ ಬರೆದು ಯಂತ್ರವನ್ನು ಕಪಾಟಿನಲ್ಲಿಟ್ಟರು. ಸ್ಲೇಟೂ ಬಹಳ ದಿನ ಬಾಳಲಿಲ್ಲ. ಸಿಟ್ಟನ್ನು ಬರೆದು ಮುಗಿಸುವಷ್ಟರಲ್ಲಿ ಸಿಟ್ಟೇ ಆರಿಹೋಗುತ್ತದೆ, ಅದರಲ್ಲೇನು ಸುಖ?

ಕಡೆಗೆ ಉಳಿದದ್ದು ತುಟಿ. ಕೂಸಮ್ಮ ದನಿಯಿಲ್ಲದೆ ಬಾಯಾಡಿಸುವುದು, ಮೇಷ್ಟ್ರು ಅದನ್ನು ನೋಡಿ ಗಟ್ಟಿಯಾಗಿ ಹೇಳುವುದು. ಬೇರೆ ಯಾರಿಗೂ ಒಂದಕ್ಷರ ಅರ್ಥವಾಗದ ಆ ಬಾಯಿ ಮೇಷ್ಟ್ರಿಗೆ ತೆರೆದಿಟ್ಟ ಪುಸ್ತಕ. ಜನ ಬೆರಗಾದರು. ಇಂಥ ಗಂಡ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎಂದು ಹೊಗಳಿದರು. ಹೊಗಳಿಕೆ ತಲೆಗೇರಲು ಎಷ್ಟು ಹೊತ್ತು ಬೇಕು?

ಕಸುಬಿನ ಚಾಳಿ ಮನೆಗೂ ಬಂತು. ಡಬ್ಬಿಂಗಿನಲ್ಲಿ ಪಾತ್ರ ಹೇಳಿದ್ದನ್ನೇ ಹೇಳಬೇಕೆಂಬ ಕಟ್ಟುನಿಟ್ಟಿಲ್ಲ, ಬಾಯಿಗೆ ಹೊಂದುವ ಮಾತು, ಸನ್ನಿವೇಶಕ್ಕೆ ಒಪ್ಪುವ ಮಾತು ಬಂದರೆ ಸಾಕು. ನೋಡಲು ಬಂದ ನಾದಿನಿಗೆ ಕೂಸಮ್ಮ, "ಇಷ್ಟು ದಿನ ಎಲ್ಲಿ ಸತ್ತಿದ್ದೆ?" ಎಂದು ತುಟಿಯಾಡಿಸಿದರೆ, ಮೇಷ್ಟ್ರು "ಬಂದಿದ್ದು ಸಂತೋಷವಾಯ್ತು ಅಂತಿದಾಳೆ" ಎನ್ನುತ್ತಿದ್ದರು. ಪಕ್ಕದ ಮನೆಯವರು ತಂದ ಗಂಜಿಗೆ "ಉಪ್ಪಿಲ್ಲ" ಎಂದರೆ, "ಬಹಳ ಹಿತವಾಗಿದೆಯಂತೆ" ಎನ್ನುತ್ತಿದ್ದರು. ಕೂಸಮ್ಮನ ಕಿವಿ ಚೆನ್ನಾಗಿಯೇ ಕೇಳುತ್ತಿತ್ತು. ಮೊದಮೊದಲು ಭುಜ ಕುಣಿಸಿ ನಗುತ್ತಿದ್ದರು. ಮೇಷ್ಟ್ರು ಆ ನಗುವನ್ನು ಒಪ್ಪಿಗೆಯೆಂದುಕೊಂಡರು.

ಆಮೇಲೆ ಒಂದು ಬೆಳಗ್ಗೆ ಬಸ್ ಕಂಡಕ್ಟರ್ ಬಾಗಿಲಿಗೆ ಬಂದಳು. ಆಕೆಯ ಮೂರು ವರ್ಷದ ಮಗಳು ಮಾತಿಗೊಮ್ಮೆ ಯಾಕೆ ಯಾಕೆ ಎನ್ನುವುದರಿಂದ ಕೂಸಮ್ಮ ಅವಳಿಗೆ ಯಾಕಮ್ಮ ಎಂದೇ ಹೆಸರಿಟ್ಟಿದ್ದರು. ಕೂಸಮ್ಮ ಆಸ್ಪತ್ರೆಗೆ ಸೇರಿದಾಗಿನಿಂದ ಮಕ್ಕಳೆಲ್ಲ ಅಲ್ಲಿ ಇಲ್ಲಿ ಹಂಚಿಹೋಗಿದ್ದರು. ಕಂಡಕ್ಟರ್ ಚೌಕಾಸಿ ಮಾಡದ, ಸುತ್ತಿಬಳಸದ ಹೆಂಗಸು.

"ಕೂಸಮ್ಮನೋರೇ, ನೀವು ಮತ್ತೆ ಶುರು ಮಾಡ್ತೀರೋ ಇಲ್ವೋ, ಒಂದು ಮಾತು ಹೇಳಿಬಿಡಿ. ಶುರು ಮಾಡ್ತೀರಿ ಅಂದ್ರೆ ಹೇಗಾದ್ರೂ ಹದಿನೈದು ದಿನ ತಳ್ತೀನಿ. ಇಲ್ಲಾಂದ್ರೆ ಡಿಪೋ ಹತ್ರ ಒಂದು ಜಾಗ ಇದೆ, ಸೇರಿಸ್ತೀನಿ. ಬೇರೆ ಅಮ್ಮಂದಿರೂ ಇದನ್ನೇ ಕೇಳ್ತಿದಾರೆ."

ಕೂಸಮ್ಮ ಕುರ್ಚಿಯಿಂದ ಅರ್ಧ ಎದ್ದು ತುಟಿಯಾಡಿಸಿದರು. ಮೇಷ್ಟ್ರಿಗೆ ಪ್ರತಿಯೊಂದು ಮಾತೂ ಸ್ಪಷ್ಟವಾಗಿ ತಿಳಿಯಿತು. ಸೋಮವಾರವೇ ಕರ್ಕೊಂಡು ಬಾ, ಎಲ್ಲರಿಗೂ ಹೇಳು, ನಾನು ಗಟ್ಟಿಯಾಗಿದೀನಿ, ಮಕ್ಕಳ ಮೇಲೆ ಪ್ರಾಣ ಇಟ್ಕೊಂಡಿದೀನಿ.

ಮೇಷ್ಟ್ರು ಕೆಮ್ಮಿ ಗಂಟಲು ಸರಿಮಾಡಿಕೊಂಡರು.

"ಇನ್ನು ಸಾಕು ಅಂತಿದಾಳಮ್ಮ. ಮಕ್ಕಳ ಗಲಾಟೆ ತಡ್ಕೊಳ್ಳೋ ಶಕ್ತಿ ಇಲ್ಲ, ನೀವು ಬೇರೆ ಕಡೆ ನೋಡ್ಕೊಳ್ಳಿ ಅಂತಾಳೆ."

ಕಂಡಕ್ಟರ್ ಮುಖ ಸಣ್ಣಗಾಯಿತು. "ನನ್ನ ಮಗಳು ಅಷ್ಟೊಂದು ಕಾಟ ಕೊಡ್ತಾಳೆ ಅಂತ ಗೊತ್ತಿರ್ಲಿಲ್ಲ," ಎಂದಷ್ಟೇ ಹೇಳಿ ಗೇಟು ಹಾಕಿಕೊಂಡು ಹೋದಳು.

ಕೂಸಮ್ಮ ಹಾಗೆಯೇ ಅರ್ಧ ಎದ್ದು ನಿಂತಿದ್ದರು. ಕೂಗಬೇಕೆಂದರೆ ದನಿಯಿಲ್ಲ. ಬಾಗಿಲವರೆಗೆ ಹೋಗುವಷ್ಟರಲ್ಲಿ ಬಸ್ಸಿನವಳು ಬೀದಿ ತಿರುಗಿದ್ದಳು. ಹಿಂತಿರುಗಿ ಗಂಡನ ಮುಖವನ್ನೇ ನೋಡಿದರು. ಮೇಷ್ಟ್ರು ಆಸ್ಪತ್ರೆಯ ಮಾತುಗಳನ್ನು ಒಂದೇ ಉಸಿರಿಗೆ ಒಪ್ಪಿಸಿದರು. ಡಾಕ್ಟರು ಏನು ಹೇಳಿದಾರೆ? ಧೂಳು ಕೂಡದು, ನೆಗಡಿ ಕೂಡದು, ಆ ತೂತಿನ ಮೂಲಕ ನೇರ ಎದೆಗೇ ಇಳಿಯುತ್ತೆ. ಮಕ್ಕಳು ಅಂದ್ರೆ ನೆಗಡಿಯ ಗೋದಾಮು. ನಿನ್ನ ಒಳ್ಳೇದಕ್ಕೇ ಹೇಳಿದೆ.

ಕೂಸಮ್ಮ ಬಾಯಿಗೆ ಬೀಗ ಹಾಕಿಕೊಂಡರು. ಹಾಗೆಂದರೆ ನಿಜವಾಗಿಯೇ ತುಟಿಗಳನ್ನು ಒಂದಕ್ಕೊಂದು ಒತ್ತಿ ಹಿಡಿದರು. ಸ್ಲೇಟನ್ನೂ ಮುಟ್ಟಲಿಲ್ಲ. ಊಟಕ್ಕೆ ಕರೆದರೆ ಬಂದು ಕೂತರು, ಔಷಧಿ ಕೊಟ್ಟರೆ ನುಂಗಿದರು. ಮುಂದಿನ ಕೋಣೆಯ ಚಾಪೆಗಳನ್ನು ಸುತ್ತಿ ಗೋಡೆಗೆ ಒರಗಿಸಿದರು. ತುಟಿ ಮಾತ್ರ ಆಡಿಸಲಿಲ್ಲ. ಮನೆಯಲ್ಲಿ ಮೇಷ್ಟ್ರಿಗೆ ಡಬ್ಬಿಂಗ್ ಮಾಡಲು ಏನೂ ಉಳಿಯಲಿಲ್ಲ.

ಮೊದಲ ಎರಡು ದಿನ, ಸಿಟ್ಟು ಇಳಿಯುತ್ತದೆ ಬಿಡು ಎಂದುಕೊಂಡರು. ಆಮೇಲೆ ಅವರಿಗೆ ಊಟ ಸೇರದಾಯಿತು. ನಾನು ಮಾಡಿದ್ದು ಯಾರ ಸಲುವಾಗಿ ಎಂದು ಅವರು ಗೊಣಗಿಕೊಂಡದ್ದನ್ನು ಕೇಳಲು ಮನೆಯಲ್ಲಿ ಒಂದು ಮಗುವೂ ಇರಲಿಲ್ಲ. ಹಗಲೆಲ್ಲ ಮನೆ ಅಷ್ಟು ನಿಶ್ಶಬ್ದವಾಗಿದ್ದದ್ದನ್ನು ಅವರು ಕಂಡೇ ಇರಲಿಲ್ಲ. ಹೆಡ್‌ಫೋನ್ ಹಾಕಿಕೊಳ್ಳುವ ಅಗತ್ಯವೇ ಇರಲಿಲ್ಲ, ಆದರೂ ಹಾಕಿಕೊಂಡು ಕೂತರು.

ಇದರ ಫಲ ಸ್ಟುಡಿಯೋದಲ್ಲಿ ಕಂಡಿತು. ನೆಲಮಾಳಿಗೆಯ ಆ ಸಣ್ಣ ಕೋಣೆಗೆ ಗೋಡೆಯ ತುಂಬ ಸ್ಪಂಜು, ನಡುವೆ ಗಾಜು. ಗಾಜಿನ ಆಚೆ ಮೈಕಿನ ಮುಂದೆ ನಿಂತವಳು ದೊಡ್ಡಕ್ಕ. ಧಾರಾವಾಹಿಗಳ ತಾಯಿ, ಅತ್ತೆ, ಅಜ್ಜಿಯರಿಗೆಲ್ಲ ದನಿ ಅವಳದೇ. ಮೈಕಿನ ಹೊರಗೆ ಅವಳದು ಮುಲಾಜಿಲ್ಲದ ನಾಲಗೆ. ಆ ದಿನ ಕೈಯಲ್ಲಿದ್ದ ಹಾಳೆಯನ್ನು ಓದುತ್ತ ಓದುತ್ತ ಅವಳ ಹುಬ್ಬು ಮೇಲೇರಿತು.

"ಮೇಷ್ಟ್ರೇ, ಇದೇನಿದು? 'ಸುದ್ದಿ ಕೇಳಿ ನನ್ನ ಹೃದಯ ಮುಳುಗಿತು.' ಪಾಪ, ಈಜು ಬರ್ತಿರ್ಲಿಲ್ವಾ?"

ರೆಕಾರ್ಡಿಂಗ್‌ನವನು ಪಕ್ಕೆನೆ ನಕ್ಕ.

"'ನನ್ನ ಹೃದಯ ನಿಮ್ಮ ಕಡೆಗೆ ಹೊರಟಿದೆ.' ಬಸ್ಸಲ್ಲೋ, ರೈಲಲ್ಲೋ? ಒಂದೇ ಪುಟದಲ್ಲಿ ಎಂಟು ಹೃದಯ! ಇದು ಧಾರಾವಾಹಿನೋ, ಆಪರೇಷನ್ ಥಿಯೇಟರೋ?"

ಮೇಷ್ಟ್ರು ಗಾಜಿನ ಈಚೆ ತಲೆ ತಗ್ಗಿಸಿ ಕೂತಿದ್ದರು. ಹಾರ್ಟ್ ಎಂದು ಒಮ್ಮೆ ಬಾಯಿ ಕಳೆಯುವಷ್ಟರಲ್ಲಿ ಹೃದಯ ಎಂದು ಪೂರ್ತಿ ಹೇಳಲೂ ಆಗುವುದಿಲ್ಲ ಎಂದು ಹೊಸಬರಿಗೆ ಪಾಠ ಹೇಳುತ್ತಿದ್ದವರೇ ಅವರು.

"ಇದೊಂದು ಕೇಳಿ," ಎಂದಳು ದೊಡ್ಡಕ್ಕ. "ಮುದುಕ ಹೆಂಡತಿ ಹತ್ರ ಏನೋ ಮುಚ್ಚಿಟ್ಟಿದಾನೆ. ಸಿಕ್ಕಿಬಿದ್ದ ಮೇಲೆ ಅಂತಾನೆ, 'ನಿನಗೆ ಹೇಳಲು ನನಗೆ ಹೃದಯವಿರಲಿಲ್ಲ.' ಅದಕ್ಕೆ ನಾನು ಅಳ್ಬೇಕಂತೆ. ಹೇಳೋಕೆ ಬಾಯಿ ಬರ್ಲಿಲ್ಲ ಅಂತಲ್ವಾ ನಮ್ಮಲ್ಲಿ ಅನ್ನೋದು? ಎಷ್ಟು ವರ್ಷದಿಂದ ಬರೀತಿದೀರಿ, ನಿಮಗೆ ಏನಾಗಿದೆ ಇವತ್ತು?"

ಹೇಳೋಕೆ ಬಾಯಿ ಬರ್ಲಿಲ್ಲ. ಮೇಷ್ಟ್ರು ಪೆನ್ನು ತೆಗೆದುಕೊಂಡು ಅದನ್ನು ಬರೆಯಲು ಹೋದರು, ಬರೆಯಲಾಗಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು. ರೆಕಾರ್ಡಿಂಗ್‌ನವನು ಸೂಕ್ಷ್ಮ ತಿಳಿದವನು, ಟೀ ಕುಡಿದು ಬರುತ್ತೇನೆಂದು ಎದ್ದು ಹೋದ.

ದೊಡ್ಡಕ್ಕ ಗಾಜಿನ ಈಚೆ ಬಂದು ಸ್ಟೂಲಿನ ಮೇಲೆ ಕೂತಳು. ಮೇಷ್ಟ್ರು ನಡೆದದ್ದನ್ನೆಲ್ಲ ಹೇಳಿದರು. ನೆಗಡಿ, ತೂತು, ಡಾಕ್ಟರು ಎಂದು ಮತ್ತೆ ಮತ್ತೆ ಹೇಳಿದರು.

"ಡಾಕ್ಟರು ಮಕ್ಕಳನ್ನ ಸೇರಿಸ್ಲೇಬೇಡಿ ಅಂದ್ರಾ?" ಎಂದು ದೊಡ್ಡಕ್ಕ ಕೇಳಿದಳು.

"ಹುಷಾರಾಗಿರಿ ಅಂದ್ರು. ನೆಗಡಿ ಇರೋರನ್ನ ದೂರ ಇಡಿ ಅಂದ್ರು."

"ಮತ್ತೆ ಸೇರಿಸ್ಬೇಡಿ ಅಂದಿದ್ದು ಯಾರು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಮೇಷ್ಟ್ರ ಕೈ ಕೊರಳಪಟ್ಟಿಗೆ ಹೋಯಿತು.

"ಮೇಷ್ಟ್ರೇ, ನಾನೂ ದಿನಾ ಇನ್ನೊಬ್ಬರ ಬಾಯಿಗೆ ಇಲ್ಲದ ಮಾತು ತುಂಬ್ತೀನಿ. ನೀವು ಬರೆದಿದ್ದನ್ನೇ ತುಂಬ್ತೀನಿ. ಆದ್ರೆ ಆ ಹೆಂಗಸರು ಎಲ್ಲೋ ದೂರ ಇರ್ತಾರೆ, ಅವರಿಗೆ ಅದು ಗೊತ್ತೂ ಆಗಲ್ಲ. ನಿಮ್ಮನೆಯವರು ಎದುರಿಗೇ ನಿಂತು ಕೇಳಿಸ್ಕೊಂಡ್ರಲ್ಲ. ದನಿ ಹೋಗಿದ್ದು ರೋಗದಿಂದ. ಮಾತು ಹೋಗಿದ್ದು ನಿಮ್ಮಿಂದ."

ಮೇಷ್ಟ್ರಿಗೆ ಕಪಾಳಕ್ಕೆ ಬಿಗಿದ ಹಾಗಾಯಿತು. ನನ್ನ ಕಷ್ಟ ಇವಳಿಗೇನು ಗೊತ್ತು ಎಂದು ಸಿಟ್ಟೂ ಬಂತು. ಆದರೆ ಆ ಸಿಟ್ಟಿಗೆ ಕಾಲಿರಲಿಲ್ಲ, ನಿಲ್ಲಲಿಲ್ಲ. ಹಾಳೆಗಳನ್ನು ಅಲ್ಲೇ ಬಿಟ್ಟು ಮೆಟ್ಟಿಲು ಹತ್ತಿ ಬೀದಿಗೆ ಬಂದರು.

ಡಿಪೋದಲ್ಲಿ ಕಂಡಕ್ಟರ್ ಪಾಳಿ ಮುಗಿಸಿ ದುಡ್ಡಿನ ಚೀಲ ಒಪ್ಪಿಸುತ್ತಿದ್ದಳು. ಮಗಳು ಬೆಂಚಿನ ಮೇಲೆ ಕಾಲಾಡಿಸುತ್ತ ಕೂತಿದ್ದಳು. ಮೇಷ್ಟ್ರನ್ನು ಕಂಡರೂ ತಾಯಿಯ ಮುಖ ಅರಳಲಿಲ್ಲ.

"ಅವಳು ಹಾಗೆ ಹೇಳಲಿಲ್ಲಮ್ಮ," ಎಂದರು ಮೇಷ್ಟ್ರು. ನಡೆದು ಬಂದ ದಣಿವಿಗೆ ಉಸಿರು ಕಟ್ಟುತ್ತಿತ್ತು. "ಆ ಮಾತು ನಂದು. ಅವಳು ಹೇಳಿದ್ದು ಬೇರೆ."

"ಏನು ಹೇಳಿದ್ರು?"

"ನಾನು ಹೇಳಿದ್ರೆ ನೀವು ಯಾಕೆ ನಂಬಬೇಕು? ಬಂದು ಅವಳನ್ನೇ ಕೇಳಿ."

"ಅವರ ಮಾತು ನನಗೆ ತಿಳಿಯಲ್ಲವಲ್ಲ. ಮತ್ತೆ ನೀವೇ ತಾನೆ ಹೇಳ್ಬೇಕು?"

"ಹೌದು, ನಾನೇ ಹೇಳ್ಬೇಕು," ಎಂದರು ಮೇಷ್ಟ್ರು. ಕಂಡಕ್ಟರ್ ಒಂದು ಗಳಿಗೆ ಅವರನ್ನು ಅಳೆದು ನೋಡಿ, ಮಗಳನ್ನು ಸೊಂಟಕ್ಕೆ ಎತ್ತಿಕೊಂಡಳು. ದಾರಿಯುದ್ದಕ್ಕೂ ಯಾಕಮ್ಮ ಒಬ್ಬಳೇ ಮಾತಾಡಿದಳು.

ಕೂಸಮ್ಮ ಅಡುಗೆಮನೆಯಲ್ಲಿ ಹುರುಳಿಕಾಯಿ ಮುರಿಯುತ್ತಿದ್ದರು. ಯಾಕಮ್ಮ ಇಳಿದವಳೇ ಓಡಿಹೋಗಿ ಅವರ ಮಡಿಲಲ್ಲಿದ್ದ ಮೊರವನ್ನು ಸರಿಸಿ ತಾನೇ ಕೂತಳು. ಕತ್ತಿನ ಬಟ್ಟೆಯನ್ನು ಮುಟ್ಟಿ "ಯಾಕೆ?" ಎಂದಳು. ಕೂಸಮ್ಮನ ಕೈ ಮಗುವಿನ ಬೆನ್ನ ಮೇಲೆ ನಿಂತಿತು. ಕಣ್ಣು ತುಂಬಿತು, ಆದರೆ ತುಟಿ ಬಿಚ್ಚಲಿಲ್ಲ.

ಮೇಷ್ಟ್ರು ಹೆಂಡತಿಯ ಮುಂದೆ ನೆಲಕ್ಕೆ ಕೂತರು. ಮಂಡಿ ನೋವಿನ ಮನುಷ್ಯ ನೆಲಕ್ಕೆ ಕೂರುವುದು ಅಪರೂಪ.

"ತಪ್ಪಾಯ್ತು ಕಣೇ. ಈಗ ಹೇಳು. ನೀನು ಏನು ಹೇಳ್ತೀಯೋ ಅದನ್ನೇ ಹೇಳ್ತೀನಿ. ಒಂದು ಮಾತು ಹೆಚ್ಚಿಲ್ಲ, ಕಮ್ಮಿ ಇಲ್ಲ. ನನ್ನನ್ನ ಬೈದ್ರೂ ಅದನ್ನೇ ಹೇಳ್ತೀನಿ."

ಕೂಸಮ್ಮನ ಮನಸ್ಸಿನಲ್ಲಿ ಏನು ನಡೆಯಿತೋ, ಮಡಿಲಲ್ಲಿ ಕೂತ ಮಗುವಿನ ಭಾರವೇ ತೀರ್ಮಾನ ಮಾಡಿತೋ. ಕಡೆಗೆ ಕಂಡಕ್ಟರ್ ಕಡೆ ತಿರುಗಿ ತುಟಿಯಾಡಿಸಿದರು. ನಿಧಾನವಾಗಿ, ಒಂದೊಂದೇ ಮಾತು.

"ಈ ಮನುಷ್ಯನ ಮಾತು ನಂಬಬೇಡ," ಎಂದು ಮೇಷ್ಟ್ರು ಗಟ್ಟಿಯಾಗಿ ಹೇಳಿದರು.

ಕಂಡಕ್ಟರ್ ನಗಲೋ ಬೇಡವೋ ಎಂಬಂತೆ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು.

"ನಿನ್ನ ಮಗಳು ಯಾವತ್ತೂ ನನಗೆ ಕಾಟ ಕೊಟ್ಟಿಲ್ಲ. ಆ ಮಾತು ಕೇಳಿ ನಿನಗೆ ನೋವಾಗಿದೆ. ನೀನು ಗೇಟು ದಾಟಿದಾಗಿಂದ ನನಗೆ ನಿದ್ದೆ ಇಲ್ಲ."

"ಆದ್ರೆ ಕೂಸಮ್ಮನೋರೇ," ಎಂದಳು ಕಂಡಕ್ಟರ್, "ಮಗು ಬಾಗಿಲ ಕಡೆ ಓಡಿದ್ರೆ ಹೇಗೆ ಕೂಗ್ತೀರಿ? ನಾನೂ ತಾಯಿ. ಕೇಳ್ಳೇಬೇಕು."

ಕೂಸಮ್ಮ ತಲೆಯಾಡಿಸಿದರು. ಪ್ರಶ್ನೆ ನ್ಯಾಯವಾದದ್ದೇ.

"ಬಾಗಿಲಿಗೆ ಮೇಲೆ ಚಿಲಕ ಹಾಕಿಸ್ತೀನಿ. ಮೊದಲಿನ ಹಾಗೆ ಆರು ಮಕ್ಕಳು ಬೇಡ, ಮೂವರು ಸಾಕು. ನೆಗಡಿ ಇರೋ ದಿನ ಕರ್ಕೊಂಡು ಬರ್ಬೇಡಿ. ಕೂಗೋದಕ್ಕೆ ಇವರಿದಾರೆ," ಎಂದರು ಮೇಷ್ಟ್ರು ಹೆಂಡತಿಯ ತುಟಿ ನೋಡುತ್ತ. ತನ್ನನ್ನೇ 'ಇವರು' ಎನ್ನುವುದಕ್ಕೆ ಅವರಿಗೆ ಮುಜುಗರವಾಗಲಿಲ್ಲ. "ಹಿಂದಿನ ಕೋಣೇಲಿ ಕಿವಿ ಮುಚ್ಕೊಂಡು ಕೂರೋದು ಬಿಟ್ಟು ಮುಂದಿನ ಕೋಣೇಲಿ ಕೂತು ಬರೀಲಿ."

ಕೂಸಮ್ಮ ಆಮೇಲೆ ಗಂಡನ ಕಡೆ ನೋಡದೆ ಒಂದು ಮಾತು ಹೇಳಿದರು. ಮೇಷ್ಟ್ರ ಬಾಯಿ ತೆರೆಯಿತು, ದನಿ ಹೊರಡಲಿಲ್ಲ.

"ಏನಂದ್ರು?" ಎಂದಳು ಕಂಡಕ್ಟರ್.

ಮೇಷ್ಟ್ರು ತಲೆ ತಗ್ಗಿಸಿದರು. ಅಲ್ಲಿ ಬೇರೆ ಯಾವುದಾದರೂ ಮಾತು ಹಾಕಬಹುದಿತ್ತು, ಹೊಂದುವಂಥ ಹತ್ತು ಮಾತು ಅವರ ನಾಲಗೆಯ ತುದಿಯಲ್ಲೇ ಇದ್ದವು. ಕೂಸಮ್ಮ ಪಾದದಿಂದ ಅವರ ಮಂಡಿಯನ್ನು ಮೆಲ್ಲಗೆ ತಟ್ಟಿದರು, ಹೇಳಿ ಎಂಬಂತೆ.

"ಇವರಿಗೆ," ಎಂದರು ಮೇಷ್ಟ್ರು, "ನಾನು ಸತ್ತುಹೋಗ್ತೀನಿ ಅಂತ ಭಯ."

ರೋಗ ಬಂದ ದಿನದಿಂದ ಮೇಷ್ಟ್ರು ಅದೇ ಭಯವನ್ನು ಡಾಕ್ಟರ ಹೆಸರಿನಲ್ಲಿ, ಧೂಳಿನ ಹೆಸರಿನಲ್ಲಿ, ನೆಗಡಿಯ ಹೆಸರಿನಲ್ಲಿ ಸಾವಿರ ಸಲ ಹೇಳಿದ್ದರು. ಭಯ ಎಂದು ಒಮ್ಮೆಯೂ ಹೇಳಿರಲಿಲ್ಲ, ತನಗೆ ತಾನೇ ಕೂಡ ಹೇಳಿಕೊಂಡಿರಲಿಲ್ಲ. ಕೂಸಮ್ಮ ಅದನ್ನು ಯಾವಾಗಲೋ ಓದಿಕೊಂಡಿದ್ದರು.

ಕೂಸಮ್ಮ ಮತ್ತೆ ತುಟಿಯಾಡಿಸಿದರು. ಮೇಷ್ಟ್ರು ಕಣ್ಣೊರೆಸಿಕೊಂಡು ಅದನ್ನೂ ಹೇಳಿದರು.

"ನನಗೂ ಭಯ ಇದೆ. ಆದ್ರೆ ಭಯಪಡ್ತಾ ಸುಮ್ಮನೆ ಕೂರೋದಕ್ಕಿಂತ ಮಕ್ಕಳನ್ನ ನೋಡ್ಕೊಂಡು ಭಯಪಡ್ತೀನಿ."

ಯಾಕಮ್ಮ ಒಂದು ಹುರುಳಿಕಾಯಿಯನ್ನು ಮೂರು ತುಂಡು ಮಾಡಿ ಕೂಸಮ್ಮನ ಕೈಗೆ ಕೊಟ್ಟಳು. ಕಂಡಕ್ಟರ್ ಮೂಗು ಸೇದಿ, "ಸೋಮವಾರ ಬೆಳಗ್ಗೆ ಮೊದಲ ಪಾಳಿ ನಂದು. ಬೇಗ ಬಿಡ್ತೀನಿ, ಪರವಾಗಿಲ್ವಾ?" ಎಂದಳು.

ಕೂಸಮ್ಮ ತಲೆಯಾಡಿಸಿ, ಗಂಡನ ಕಡೆ ತಿರುಗಿ ಚುಟುಕಾಗಿ ಏನೋ ಹೇಳಿದರು. ಎಷ್ಟೋ ದಿನಗಳ ಮೇಲೆ ಅವರು ನೇರ ಗಂಡನಿಗೇ ಹೇಳಿದ ಮೊದಲ ಮಾತು ಅದು.

"ಇದೇನು?" ಎಂದು ಕೇಳಿದಳು ಕಂಡಕ್ಟರ್.

"ಅತ್ತಿದ್ದು ಸಾಕು, ಎದ್ದು ಮಗೂಗೆ ಹಾಲು ಬಿಸಿ ಮಾಡಿ, ಅಂತ," ಎಂದು ಮೇಷ್ಟ್ರು ಒಂದಕ್ಷರ ಬಿಡದೆ ಹೇಳಿ, ಗೋಡೆ ಹಿಡಿದು ಎದ್ದರು.